ಅವ್ವನ ಸಾಲಿಗೆ ಬೇಲಿ ಇಲ್ಲ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ವಲಸೆಯ ಕತೆಗಳಿಗೆ ಬರವಿಲ್ಲ. ನಾಚಾರಮ್ಮನೆಂಬ ಹೆಣ್ಣಿನ ಹಿಂದೆ ತಮಿಳು ಸೀಮೆಯ ಸೆಂಗೋಟ್ಟೈಯಿಂದ ಹೊರಟು ಬಂದವರು ತಾವೆಂದು ಕೌಶಿಕದ ಸಂಕೇತಿಗಳು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಹೊರಗಿನಿಂದ ಬಂದೆವು ಅಂದವರಿಗೆ ಗುಡಿಯ ಬಾಗಿಲು ತೆರೆದಿತ್ತು. ಎಲ್ಲಿಂದ ಬಂದರೆಂದು ಯಾರೂ ಬರೆದಿಡದ, ಇದೇ ನೆಲದಲ್ಲಿ ಮಣ್ಣು ಹೊತ್ತ ಕೇರಿಯವರಿಗೆ ಅದೇ ಬಾಗಿಲು ಮುಚ್ಚಿತ್ತು. ಹಾಗಾದರೆ ಮೂಲ ಎಂಬುದು ಯಾವ ನ್ಯಾಯದ ಅಳತೆಗೋಲು?

ಈಗ ಮೂಲ ಹೇಳಲು ಲ್ಯಾಬೊರೇಟರಿ ಬಂದಿದೆ. ಒಂದಿಷ್ಟು ಎಂಜಲು ಕೊಡಿ, ಪೂರ್ವಜರು ಯಾರೆಂದು ಹೇಳುತ್ತೇವೆ ಅಂತ ಕಂಪೆನಿಗಳು ದುಡ್ಡು ಕೇಳುತ್ತಿವೆ. ನಮ್ಮ ಎಂಜಲು ಮೈಲಿಗೆ ಅಂದ ದೇಶದಲ್ಲಿ ಎಂಜಲಿನಿಂದಲೇ ಕುಲ ಹೇಳುವ ಕಾಲ ಬಂತು! ಈ ವಿಜ್ಞಾನ ಏನು ಹೇಳುತ್ತದೆ, ಏನು ಹೇಳಲಾರದು ಎಂಬುದನ್ನು ನಾವೇ ಓದಿಕೊಳ್ಳಬೇಕು. ಇಲ್ಲದಿದ್ದರೆ ಶಾಸ್ತ್ರದ ಅರ್ಥ ಹೇಳಿದವರೇ ಇದರ ಅರ್ಥವನ್ನೂ ಹೇಳಿಬಿಡುತ್ತಾರೆ.

ನಮ್ಮ ಜೀವಕೋಶಗಳೊಳಗೆ ಮೈಟೋಕಾಂಡ್ರಿಯ ಎಂಬ, ಶಕ್ತಿ ತಯಾರಿಸುವ ಕಣಗಳಿವೆ. ಅವಕ್ಕೆ ತಮ್ಮದೇ ಡಿಎನ್‌ಎ ಇದೆ, 16,569 ಅಕ್ಷರಗಳ ಪುಟ್ಟ ಬರಹ. ಅದು ಅವ್ವನಿಂದ ಮಕ್ಕಳಿಗೆ ಬರುತ್ತದೆ. ಗಂಡುಮಕ್ಕಳು ಪಡೆಯುತ್ತಾರೆ, ಮುಂದಕ್ಕೆ ಕೊಡಲಾರರು. ಎಷ್ಟೋ ತಲೆಮಾರಿಗೊಮ್ಮೆ ಒಂದು ಅಕ್ಷರ ಬದಲಾಗುತ್ತದೆ. ಒಂದೇ ಬಗೆಯ ಬದಲಾವಣೆಗಳು ಇಬ್ಬರಲ್ಲಿ ಕಂಡರೆ ಅವರ ಅವ್ವಂದಿರ ಸಾಲು ಹಿಂದೆಲ್ಲೋ ಕೂಡುತ್ತದೆ. ಹೀಗೆ ಹಿಂದಕ್ಕೆ ಹೋಗಿ 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಅವರು, 147 ಜನರ ಸಾಲುಗಳನ್ನು ಹೋಲಿಸಿ, ಎಲ್ಲವೂ ಸುಮಾರು 2,00,000 ವರ್ಷಗಳ ಹಿಂದಿನ ಆಫ್ರಿಕಾದ ಒಬ್ಬ ಹೆಣ್ಣಿಗೆ ಹೋಗಿ ಮುಟ್ಟುತ್ತವೆ ಎಂದರು. ಆಗ ಅವಳೊಬ್ಬಳೇ ಇದ್ದಳೆಂದಲ್ಲ. ಕಡಿಯದೆ ಉಳಿದ ಸಾಲು ಅವಳದು. ಮುಖದಿಂದ ಹುಟ್ಟಿದವರು, ಪಾದದಿಂದ ಹುಟ್ಟಿದವರು ಎಂಬ ಕತೆಗೆ ಇಷ್ಟು ಉತ್ತರ ಸಾಕು: ಎಲ್ಲರೂ ಹೆಣ್ಣಿನ ಹೊಟ್ಟೆಯಿಂದ ಬಂದವರೇ.

ಕನ್ನಡ ನೆಲದ ಜನರನ್ನೇ ಕುರಿತ ಒಂದು ಅಧ್ಯಯನವೂ ಇದೆ. ಜೊಆನಾ ಮೌಂಟನ್, ಮಾಧವ ಗಾಡ್ಗೀಳ್, ಕವಾಲಿ-ಸ್ಫೋರ್ಜಾ ಮತ್ತಿತರರು 1995ರಲ್ಲಿ ಪ್ರಕಟಿಸಿದ್ದು. ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರು, ಅದೇ ಜಿಲ್ಲೆಯ ಪರಿಶಿಷ್ಟ ಜಾತಿಯ ಮುಕ್ರಿಗಳು, ದಕ್ಷಿಣದ ಕಾಡಿನ ಕಾಡರ್ ಜನ, ಈ ಮೂವರ ತಾಯಿಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದೊಂದು ಜಾತಿಯವರು ಅಲ್ಲಲ್ಲಿ ಗುಂಪಾಗಿ ಕಂಡದ್ದು ನಿಜ. ಆದರೆ ಮರ ಜಾತಿಗೊಂದು ಕೊಂಬೆಯಾಗಿ ಸೀಳಲಿಲ್ಲ.

ಎರಡನೆಯ ಮಾತು ಇನ್ನೂ ಭಾರದ್ದು. ಬ್ರಾಹ್ಮಣರ ಸಂಖ್ಯೆ ಬೆಳೆಯುತ್ತ ಬಂದಂತೆ ಕಾಣುತ್ತದೆ. ಕೆಳಜಾತಿಯವರದು ಇದ್ದಲ್ಲೇ ಇತ್ತು, ಇಲ್ಲವೆ ಮತ್ತೆ ಮತ್ತೆ ಕುಸಿಯಿತು ಎನ್ನುತ್ತದೆ ಆ ಲೇಖನ. ಇಂಥ ಕುಸಿತವನ್ನು ವಿಜ್ಞಾನಿಗಳು 'ಬಾಟಲಿಯ ಕತ್ತು' ಎಂದು ಕರೆಯುತ್ತಾರೆ. ನನ್ನ ತಕರಾರು ಈ ಪದದ ಮೇಲಿದೆ. ಕತ್ತು ಯಾರದು, ಹಿಸುಕಿದ್ದು ಯಾವುದು ಅಂತ ಅದು ಕೇಳುವುದಿಲ್ಲ. ಹಸಿವೋ, ರೋಗವೋ, ಗುಂಪು ಚಿಕ್ಕದಾಗಿದ್ದದ್ದೋ, ಡಿಎನ್‌ಎ ಒಂದೇ ಹೇಳಲಾರದು. ಆ ಕುಸಿತ ಜಾತಿ ಹುಟ್ಟುವ ಮೊದಲಿನದೂ ಇದ್ದೀತು. ಆದ್ದರಿಂದ ಅವಸರದಲ್ಲಿ ಅದನ್ನು ನಮ್ಮ ನೋವಿನ ಸಾಕ್ಷಿ ಅನ್ನುವುದೂ ಬೇಡ, ಬರೀ ಅಂಕಿ ಅಂತ ಮಡಚಿಡುವುದೂ ಬೇಡ. ಭೂಮಿಯ ದಾಖಲೆ, ಜೀತದ ಪತ್ರ, ಬರದ ಲೆಕ್ಕ, ಮುದುಕಿಯರ ಹಾಡು, ಇವುಗಳ ಜೊತೆಗಿಟ್ಟು ಓದಬೇಕು.

ಬೇಲಿ ಯಾವಾಗ ಬಂತು? 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ತಾಯಿಸಾಲಿನಾಚೆಗೆ, ತಂದೆತಾಯಿ ಇಬ್ಬರಿಂದಲೂ ಬರುವ ಡಿಎನ್‌ಎ ನೋಡಿ ಹೇಳಿದರು: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನ ಧಾರಾಳವಾಗಿ ಬೆರೆತರು, ಆಮೇಲೆ ಒಳಮದುವೆ ಗಟ್ಟಿಯಾಯಿತು. ಜಾತಿಯ ತಿರುಳು ಒಳಮದುವೆ ಎಂದು ಅಂಬೇಡ್ಕರ್ 1916ರಲ್ಲೇ ಕೊಲಂಬಿಯದಲ್ಲಿ ಓದಿದ ಪ್ರಬಂಧದಲ್ಲಿ ಹೇಳಿದ್ದರು. ಬೇಲಿ ಕಟ್ಟಿದ್ದು ಮದುವೆಯ ಚಪ್ಪರದಲ್ಲಿ.

ನಮ್ಮಲ್ಲೂ ಕೆಲವರು 'ನಾವೇ ಮೂಲನಿವಾಸಿಗಳು, ಡಿಎನ್‌ಎ ಹೇಳಿದೆ' ಅಂತ ಎದೆ ತಟ್ಟುತ್ತಾರೆ. ಗೆಳೆಯರೆ, ಹುಷಾರು. ಹತ್ತು ತಲೆಮಾರು ಹಿಂದೆ ನಿಮಗೆ ಲೆಕ್ಕದಲ್ಲಿ 1,024 ಪೂರ್ವಜರು. ಮೈಟೋಕಾಂಡ್ರಿಯ ಹೇಳುವುದು ಅವರಲ್ಲಿ ಒಬ್ಬಳ ಮಾತು. ರಕ್ತ ತೋರಿಸಿ ಹಕ್ಕು ಕೇಳಿದರೆ ನಾಳೆ ರಕ್ತ ತೋರಿಸಿಯೇ ಕಿತ್ತುಕೊಳ್ಳುತ್ತಾರೆ. ಬ್ರಿಟಿಷ್ ಅಧಿಕಾರಿ ರಿಸ್ಲೆ ಮೂಗು ಅಳೆದು ಜಾತಿಗಳಿಗೆ ಮೆಟ್ಟಿಲು ಕಟ್ಟಿದ. ಅಂಬೇಡ್ಕರ್ 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಮೂಗಿನ ಅಳತೆಗಳನ್ನೇ ಹಿಡಿದು ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದು ವಾದಿಸಿದರು. ಅದೇ ಪುಸ್ತಕದಲ್ಲಿ ನಮ್ಮ ಹಾಸನದ ಹೊಲಗೇರಿಯೂ ಇದೆ. ಬ್ರಾಹ್ಮಣ ಕೇರಿಯೊಳಗೆ ಕಾಲಿಟ್ಟರೆ ಕೇರಿಯವರೆಲ್ಲ ಒಟ್ಟಾಗಿ ಹೊಡೆದಟ್ಟುತ್ತಿದ್ದ ಪದ್ಧತಿ ಅದು. ಅದನ್ನು ಅವರು ಎರಡು ಧರ್ಮಗಳ ಹಳೆಯ ಜಗಳದ ಗುರುತಾಗಿ ಓದಿದರು.

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋದರು. ಅದಕ್ಕೆ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಅವ್ವಂದಿರ ಮೈಯೊಳಗಿನ 16,569 ಅಕ್ಷರಗಳಲ್ಲಿ 'ಹೊರಗೆ ನಿಲ್ಲು' ಎಂಬ ಮಾತಿಲ್ಲ. ಅದನ್ನು ಬರೆದದ್ದು ಊರು, ಅಳಿಸಬೇಕಾದದ್ದೂ ಊರಿನಲ್ಲೇ. ಅದಕ್ಕೆ ಬೇಕಾದ ಕಾನೂನು ಸಂವಿಧಾನದ 17ನೇ ವಿಧಿಯಲ್ಲಿದೆ, ಯಾವ ಲ್ಯಾಬೊರೇಟರಿಯ ಚೀಟಿಯೂ ಬೇಡ. ಹಳ್ಳಿಯ ಮೇಷ್ಟ್ರುಗಳೇ, ಜೀವಕೋಶದ ಪಾಠ ಮಾಡುವ ದಿನ ಇದನ್ನೂ ಒಂದು ಸಾಲು ಬೋರ್ಡಿನ ಮೇಲೆ ಬರೆಯಿರಿ.