ಕಾವೇರಿಯಿಲ್ಲದ ಆರಾಧನೆ

ನಮ್ಮ ಶೆಟ್ಟಿಹಳ್ಳಿಯ ನೆರೆಯವರೊಬ್ಬರು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ, ಕ್ಲೀವ್‌ಲೆಂಡಿನ ತ್ಯಾಗರಾಜ ಆರಾಧನೆಯನ್ನೂ ನೋಡಿಕೊಂಡು ಬಂದರು. "ಹೇಗಿತ್ತು ರಾಯರೆ?" ಎಂದು ಕೇಳಿದೆ. "ಹಾಡಿಕೆಯೇನೋ ಚೆನ್ನಾಗಿಯೇ ಇತ್ತು ಮೇಷ್ಟ್ರೆ. ಆದರೆ ಈಸ್ಟರ್ ಹೊತ್ತಿಗೆ ಆರಾಧನೆಯೆ? ಪುಷ್ಯ ಬಹುಳ ಪಂಚಮಿ ಎಲ್ಲಿ, ಕಾವೇರಿ ಎಲ್ಲಿ?" ಎಂದರು.

ವಿದೇಶ ಪ್ರವಾಸವನ್ನು ಕುರಿತ ನಮ್ಮ ಬರಹಗಳಲ್ಲಿಯೂ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕೆಲವರು "ಅಲ್ಲಿಯೂ ನಮ್ಮದೇ ಸಂಗೀತ" ಎಂದು ಹಿಗ್ಗುತ್ತಾರೆ. ಕೆಲವರು "ಎಲ್ಲ ಬರಿಯ ಅನುಕರಣೆ" ಎಂದು ಮೂಗು ಮುರಿಯುತ್ತಾರೆ. ಹಿಗ್ಗಿಗೂ ಹಳಿವಿಗೂ ಅಳತೆಗೋಲು ಒಂದೇ: ಅದು ಊರಿನಲ್ಲಿರುವಂತೆಯೇ ಇದೆಯೆ? ಈ ಅಳತೆಗೋಲೇ ಸಾಲದೆಂದು ನನ್ನ ಅಭಿಪ್ರಾಯ.

ಮೂಲವೆಂದು ನಾವು ಹೇಳುವ ತಿರುವಯ್ಯಾರಿನ ಉತ್ಸವವನ್ನೇ ನೋಡೋಣ. ತ್ಯಾಗರಾಜರು ದೇಹವಿಟ್ಟದ್ದು 1847ರಲ್ಲಿ. ಅವರ ಸಮಾಧಿಗೆ ಗುಡಿಯೆದ್ದದ್ದು 1920ರ ದಶಕದಲ್ಲಿ. ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರನ್ನು ತಮ್ಮ ಹೆಸರಿನೊಡನೆ ಹೊತ್ತ ನಾಗರತ್ನಮ್ಮನವರು. ತಮ್ಮ ಗಳಿಕೆಯನ್ನೆಲ್ಲ ಅದಕ್ಕೆ ಸುರಿದರು. ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಹಕ್ಕಿರಲಿಲ್ಲವೆಂದರೆ ನಂಬುತ್ತೀರಾ? ಉತ್ಸವ ನಡೆಸುತ್ತಿದ್ದ ಎರಡು ಬಣಗಳೂ ಹೆಂಗಸರ ಹಾಡಿಕೆಯನ್ನು ಹೊರಗಿಟ್ಟಿದ್ದವು. ನಾಗರತ್ನಮ್ಮನವರು ಗೊಣಗುತ್ತ ಕೂರಲಿಲ್ಲ. ಹೆಂಗಸರನ್ನು ಕೂಡಿಸಿಕೊಂಡು ತಾವೇ ಬೇರೆ ಆರಾಧನೆ ನಡೆಸಿದರು. ಬಣಗಳೆಲ್ಲ ಒಂದಾದದ್ದು 1940ರಲ್ಲಿ. ಅನಾದಿಯಿಂದ ಬಂದದ್ದೆಂದು ನಾವು ತಿಳಿದಿರುವ ಪಂಚರತ್ನ ಕೃತಿಗಳ ಗೋಷ್ಠಿಗಾಯನ ಅಲ್ಲಿ ರೂಢಿಗೆ ಬಂದದ್ದೂ ಆ ದಶಕದಲ್ಲಿಯೇ. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿ ಇಂದು ತ್ಯಾಗರಾಜರ ಸನ್ನಿಧಿಗೆ ಎದುರಾಗಿದೆ.

ಎಂದಮೇಲೆ, ತಿಥಿಯೂ ನದಿಯೂ ಇದ್ದ ಕಡೆಯಲ್ಲಿಯೂ ಉತ್ಸವ ಪೂರ್ಣವಾಗಿರಲಿಲ್ಲ. ಹೊರಗುಳಿದವರು ಒಳಗೆ ಬಂದಾಗ ಅದು ತುಂಬಿಕೊಂಡಿತು.

ಈಗ ಕ್ಲೀವ್‌ಲೆಂಡಿಗೆ ಬರೋಣ. 1978ರಲ್ಲಿ ಚರ್ಚೊಂದರ ನೆಲಮಾಳಿಗೆಯಲ್ಲಿ ಕೆಲವೇ ಜನ ಸೇರಿ ಮೊದಲಿಟ್ಟದ್ದು, ಬೆಳೆದು ಹತ್ತು ದಿನಗಳನ್ನೂ ಮೀರಿ ನಡೆಯುವ ಉತ್ಸವವಾಗಿದೆ. ಆ ನೆಲದಲ್ಲಿ ಹುಟ್ಟಿದ ಮಕ್ಕಳು ದೂರದೂರದಿಂದ ಬಂದು ಸ್ಪರ್ಧೆಗೆ ನಿಲ್ಲುತ್ತಾರೆ, ಹಿರಿಯರೊಡನೆ ಕುಳಿತು ಪಂಚರತ್ನ ಹಾಡುತ್ತಾರೆ. ಮಾಘಸ್ನಾನದ ಚಳಿಗಾಲವನ್ನು ಬಿಟ್ಟು ವಸಂತವನ್ನು ಆರಿಸಿದ್ದರಿಂದ ತಿಥಿ ತಪ್ಪಿತು, ನಿಜ, ಮಕ್ಕಳು ತಪ್ಪಲಿಲ್ಲ. ಸಾಹಿತ್ಯದ ತೆಲುಗು ಅವರಿಗೆ ಅರ್ಥವಾಗುತ್ತದೆಯೆ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಹಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಅರ್ಥವಾಗುತ್ತದೆ?

ಹಾಗೆಂದು ಅಲ್ಲಿಯದೆಲ್ಲವನ್ನೂ ಹೊಗಳಬೇಕೆಂದಲ್ಲ. ತಿರುವಯ್ಯಾರಿಗೆ ನಾಗರತ್ನಮ್ಮನವರು ಹಾಕಿದ ಪ್ರಶ್ನೆಯನ್ನೇ ಅಲ್ಲಿಯೂ ಹಾಕಬೇಕು: ಹಾಡುತ್ತಿರುವವರು ಯಾರು, ಬಾಗಿಲಾಚೆ ನಿಂತವರು ಯಾರು? ಪಕ್ಕದ ಬೀದಿಯ ಅಮೆರಿಕನ್ ನೆರೆಯವನು ಒಂದು ದಿನವಾದರೂ ಒಳಗೆ ಬಂದು ಕುಳಿತನೆ? ಪ್ರವಾಸಿ ನೋಡಿಬಂದು ಹೇಳಬೇಕಾದದ್ದು ಇದನ್ನು. ಪಂಚಾಂಗವನ್ನು ನಾವು ಮನೆಯಲ್ಲಿಯೇ ನೋಡಬಹುದು.

ಇಷ್ಟನ್ನೂ ರಾಯರಿಗೆ ಹೇಳಿ, "ನಿಮ್ಮ ಮೊಮ್ಮಗಳು ಹಾಡಿದಳೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಡಿದಳು. ನಾನು ತಾಳ ತಪ್ಪಿದಾಗ ತೊಡೆ ತಟ್ಟಿ ತಿದ್ದಿದಳು" ಎಂದರು.

ಅದನ್ನು ಮೊದಲೇ ಹೇಳಬಾರದಾಗಿತ್ತೆ!