ಬಾರದ ಮೇಲ್, ಮರೆತ ಪಾಸ್‌ವರ್ಡ್

ಊರಿನ ಬಗ್ಗೆ ಬ್ಲಾಗ್ ಬರೆಯುವವರೆಂದರೆ ನನಗೆ ವಿಶೇಷ ಗೌರವ. ತೆರಕಣಾಂಬಿಯಲ್ಲಂತೂ ಅದಕ್ಕೆ ಸರಕಿನ ಬರವಿಲ್ಲ. ಹಿಂದಿನ ಕುಡುಗುನಾಡು, ವರದರಾಜನ ಗುಡಿ, ಪಕ್ಕದ ತ್ರಿಯಂಬಕಪುರದ ಶಿವಾಲಯ, 'ಸನತ್ಕುಮಾರ ಚರಿತೆ' ಬರೆದ ಬೊಮ್ಮರಸ. ಇವನ್ನೆಲ್ಲ ವರ್ಷಗಟ್ಟಲೆ ವರ್ಡ್‌ಪ್ರೆಸ್‌ನಲ್ಲಿ ಬರೆದಿಟ್ಟ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. "ಪಾಸ್‌ವರ್ಡ್ ಮರೆತೋಯ್ತು ಕಣಪ್ಪ. ಎಷ್ಟ್ ಸಲ ಒತ್ತುದ್ರೂ ಮೇಲ್ ಬತ್ತಿಲ್ಲ. ಬರ್ದಿದ್ದೆಲ್ಲ ಹೊಂಟೋಯ್ತಾ?"

ಎಲ್ಲೂ ಹೋಗಿಲ್ಲ. ಬರಹ ಸರ್ವರಿನ ಡೇಟಾಬೇಸಿನಲ್ಲಿ ಹಾಗೇ ಇದೆ. ಇಂಥ ತೊಂದರೆಯಲ್ಲಿ ಬಹುಪಾಲು ಕೆಟ್ಟಿರುವುದು ಮೇಲ್ ಬರುವ ದಾರಿ. ಸ್ವಂತ ಹೋಸ್ಟಿಂಗ್‌ನಲ್ಲಿರುವ ವರ್ಡ್‌ಪ್ರೆಸ್, ನಾವು ಬೇರೆ ಏರ್ಪಾಡು ಮಾಡದಿದ್ದರೆ, ಸರ್ವರಿನ ಪಿಎಚ್‌ಪಿ ಮೂಲಕವೇ ಮೇಲ್ ಕಳಿಸುತ್ತದೆ. ನಮ್ಮ ಡೊಮೇನಿನ ಹಿಂದೆ 'ವರ್ಡ್‌ಪ್ರೆಸ್' ಎಂದು ಸೇರಿಸಿ ಕಳಿಸುವವರ ವಿಳಾಸವನ್ನೂ ತಾನೇ ಕಟ್ಟಿಕೊಳ್ಳುತ್ತದೆ. ಆ ಹೆಸರಿನ ಮೇಲ್‌ಬಾಕ್ಸ್ ಎಷ್ಟೋ ಸಲ ಇರುವುದೇ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಕಳಿಸುವ ಡೊಮೇನಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ದೃಢೀಕರಣ ಇರಲೇಬೇಕೆಂದು ಬಿಗಿ ಮಾಡಿದೆ. ಅದಿಲ್ಲದ ಮೇಲ್ ಸ್ಪ್ಯಾಮ್ ಸೇರುತ್ತದೆ, ಇಲ್ಲವೇ ಬಾಗಿಲಲ್ಲೇ ವಾಪಸಾಗುತ್ತದೆ. ಎಸ್‌ಎಂಟಿಪಿ ಪ್ಲಗಿನ್ ಹಾಕಿ, ನಿಜವಾಗಿ ಇರುವ ಖಾತೆಯಿಂದ ಮೇಲ್ ಹೋಗುವಂತೆ ಮಾಡುವುದೇ ಶಾಶ್ವತ ಪರಿಹಾರ. ಆದರೆ ಪ್ಲಗಿನ್ ಹಾಕಲು ಮೊದಲು ಒಳಗೆ ಹೋಗಬೇಕಲ್ಲ!

ಮೇಲ್ ಬರಲಿಲ್ಲವೆಂದು ಬಟನ್ ಒತ್ತುತ್ತಲೇ ಇರಬೇಡಿ. ಒಂದೊಂದು ಸಲ ಒತ್ತಿದಾಗಲೂ ಹೊಸ ಕೀಲಿ ತಯಾರಾಗಿ ಹಳೆಯದು ರದ್ದಾಗುತ್ತದೆ. ತಡವಾಗಿ ನಾಲ್ಕು ಮೇಲ್ ಒಟ್ಟಿಗೆ ಬಂದು, ಮೊದಲು ಕಂಡದ್ದನ್ನು ತೆರೆದರೆ 'ಲಿಂಕ್ ಅಮಾನ್ಯ' ಎಂದೇ ಉತ್ತರ. ಕೊನೆಯ ಮೇಲ್ ಮಾತ್ರ ನಡೆಯುತ್ತದೆ, ಅದೂ 24 ಗಂಟೆಯೊಳಗೆ.

ಮೇಲ್ ಬಾರದಿದ್ದರೂ ಒಳಗೆ ಹೋಗುವ ದಾರಿಯೊಂದಿದೆ, ನನಗೆ ಅದೇ ಅಚ್ಚುಮೆಚ್ಚು. ಹೋಸ್ಟಿಂಗ್ ಖಾತೆಗೆ ಲಾಗಿನ್ ಆಗಿ ಪಿಎಚ್‌ಪಿ ಮೈಅಡ್ಮಿನ್ ತೆರೆಯಿರಿ. ಮೊದಲು ಡೇಟಾಬೇಸಿನ ಬ್ಯಾಕಪ್ ಇಳಿಸಿಕೊಳ್ಳಿ, ಇದನ್ನು ಬಿಡಲೇಬಾರದು. ಎಡಗಡೆಯ ಪಟ್ಟಿಯಲ್ಲಿ 'ಯೂಸರ್ಸ್' ಎಂದು ಮುಗಿಯುವ ಟೇಬಲ್ಲಿನಲ್ಲಿ ನಿಮ್ಮ ಹೆಸರಿನ ಸಾಲನ್ನು ಎಡಿಟ್ ಮಾಡಿ. 'ಯೂಸರ್ ಪಾಸ್' ಎದುರು ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಕಾಣುತ್ತದೆ. ಅದನ್ನು ಅಳಿಸಿ ಹೊಸ ಪಾಸ್‌ವರ್ಡ್ ಬರೆದು, ಅದೇ ಸಾಲಿನ ಫಂಕ್ಷನ್ ಪಟ್ಟಿಯಲ್ಲಿ ಎಂಡಿ5 ಆರಿಸಿ ಉಳಿಸಿ. ಎಂಡಿ5 ಹಳೆಯದು, ದುರ್ಬಲ, ನಿಜ. ಆದರೆ ನೀವು ಮೊದಲ ಸಲ ಲಾಗಿನ್ ಆದೊಡನೆ ವರ್ಡ್‌ಪ್ರೆಸ್ ಅದನ್ನು ಬಲವಾದ ರೂಪಕ್ಕೆ ತಾನೇ ಬದಲಿಸಿಕೊಳ್ಳುತ್ತದೆ. 2025ರ 6.8ನೇ ಆವೃತ್ತಿಯಿಂದ ಆ ರೂಪ ಬಿಕ್ರಿಪ್ಟ್.

ಇಷ್ಟಾದರೂ 'ಪಾಸ್‌ವರ್ಡ್ ತಪ್ಪು' ಎಂದರೆ, ಕನ್ನಡ ಬರೆಯುವವರು ಕೀಬೋರ್ಡ್ ನೋಡಿಕೊಳ್ಳಬೇಕು. ಲೇಖನ ಮುಗಿಸಿ ಕನ್ನಡ ವಿನ್ಯಾಸದಲ್ಲೇ ಇದ್ದುಬಿಟ್ಟರೆ 'ಕೆ' ಒತ್ತಿದಾಗ ಬೀಳುವುದು 'ಕ'. ಪರದೆಯಲ್ಲಿ ಬರೀ ಚುಕ್ಕಿ, ಹಾಗಾಗಿ ಗೊತ್ತೇ ಆಗುವುದಿಲ್ಲ. ಪಕ್ಕದ ಕಣ್ಣಿನ ಗುರುತು ಒತ್ತಿದರೆ ಬಿದ್ದ ಅಕ್ಷರ ಕಾಣುತ್ತದೆ. ಈ ಒಂದು ಕಾರಣಕ್ಕೇ ಸರಿಯಾದ ಪಾಸ್‌ವರ್ಡನ್ನು ಮರೆತೆವೆಂದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ.

ಒಳಗೆ ಹೋದ ಕೂಡಲೇ ಪ್ರೊಫೈಲಿನಲ್ಲಿರುವ ಮೇಲ್ ವಿಳಾಸ ನೋಡಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ಹದಿನೈದು ವರ್ಷದ ಹಿಂದೆ ಕೊಟ್ಟ ವಿಳಾಸ ಈಗ ಇದೆಯೋ ಇಲ್ಲವೋ. ನಂಬಿಕೆಯ ಮತ್ತೊಬ್ಬರನ್ನು, ಮಗಳೋ ಶಿಷ್ಯನೋ ಯಾರಾದರೂ ಸರಿ, ಎರಡನೇ ಅಡ್ಮಿನ್ ಆಗಿ ಅವತ್ತೇ ಸೇರಿಸಿ.