ತೆರೆಯ ಹಿಂದಿನ ಊರು

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಎಂದರೆ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ ನೆನಪಾಗುತ್ತಾರೆ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕಪ್ಪು-ಬಿಳುಪು ಛಾಯಾಗ್ರಹಣ ನೆನಪಾಗುತ್ತದೆ. ನನಗೆ ಅಷ್ಟೇ ಪ್ರಿಯವಾದದ್ದು ಅದರ ಅಗ್ರಹಾರ. ಅದು ಶೃಂಗೇರಿ ಸಮೀಪದ ವೈಕುಂಠಪುರ. 1970ರ ಆ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಮುಂದೆ 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ಗೆ ಆಗುಂಬೆಯನ್ನು ಆರಿಸಿಕೊಂಡರು. ಅಲ್ಲಿನ ದೊಡ್ಡಮನೆಯೇ ಆ ಧಾರಾವಾಹಿಯ ಬಾಲಕ ಸ್ವಾಮಿಯ ಮನೆಯಾಯಿತು.

ಚಿತ್ರತಂಡಕ್ಕೆ ಮಲೆನಾಡಿನ ಊರು ಜಾಗದ ಜೊತೆಗೆ ತನ್ನ ತಿಳಿವಳಿಕೆಯನ್ನೂ ಕೊಡುತ್ತದೆ. ಕೊಪ್ಪ, ಮೇಗುಂದದ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಅಂಗಳ ತೆರವಿರುವುದಿಲ್ಲ. ಒಂದು ಮೂಲೆಯಲ್ಲಿ ಹಂಡೆ ತುಂಬ ಅಡಿಕೆ ಬೇಯುತ್ತಿರುತ್ತದೆ, ಅಟ್ಟದ ಮೇಲೆ ಬೇಯಿಸಿದ ಅಡಿಕೆ ಹರವಿರುತ್ತದೆ, ರಾತ್ರಿಯಾದರೆ ಸುಲಿಯುವವರು ಸಾಲಾಗಿ ಕೂರುತ್ತಾರೆ. ಆ ದಿನಗಳಲ್ಲಿ ಯಾರ ಮನೆಯ ಜಗಲಿ ಸಿಗುತ್ತದೆ, ಬೆಳಗಿನ ಮಂಜು ಎಷ್ಟು ಹೊತ್ತಿಗೆ ಕರಗುತ್ತದೆ, ಜನರೇಟರ್ ಲಾರಿ ಎಲ್ಲಿಯವರೆಗೆ ಬಂದೀತು, ಆಷಾಢದಲ್ಲಿ ಯಾವ ಹಳ್ಳ ಉಕ್ಕಿ ದಾರಿ ಕಟ್ಟುತ್ತದೆ ಎಂಬುದೆಲ್ಲ ಅಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತು. ಯಾವ ಬನಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡಬಾರದು ಎಂದು ಮೊದಲೇ ತಿಳಿಸಿ, ಜಗಳ ಹುಟ್ಟದಂತೆ ನೋಡಿಕೊಳ್ಳುವವರೂ ಅವರೇ.

ಚಿತ್ರತಂಡಕ್ಕೆ ಹೀಗೆ ದಾರಿ ತೋರುವುದು ಅಪ್ಪಟ ಕಸುಬು. ಮಲೆನಾಡಿಗೆ ಚಿತ್ರೀಕರಣಕ್ಕೆ ಬರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲು ಊರಿನವರನ್ನು ಕೇಳಿ, ಕೆಲಸಕ್ಕೆ ತಕ್ಕ ಸಂಭಾವನೆ ಕೊಡಿ, ಚಿತ್ರದಲ್ಲಿ ಅವರ ಹೆಸರು ಹಾಕಿ.